ಮಂಗಳವಾರದ ಪಾಳಿ

ವಾಥಿ ಕೊಲ್ಲಿ,
9 ಫೆಬ್ರವರಿ 1944

ಅಪ್ಪಾ,

ನೀನು ಬದುಕಿರುವ ಸುದ್ದಿಯನ್ನು ಕಪ್ತಾನ ಫೋತಿಸ್ ನಿನ್ನೆ ತಂದ. ಆಕ್ಟೋಪಸ್ಸಿನ ಬುಟ್ಟಿಯನ್ನು ಹೊಸ್ತಿಲ ಮೇಲೆ ಇಳಿಸುತ್ತ, ಗಾಳಿಮಳೆಯ ಮಾತಾಡುವ ದನಿಯಲ್ಲೇ, "ನಿಮ್ಮಪ್ಪ ಗಾಜಾ ಹತ್ರ ಮರಳಲ್ಲಿ ಕೂತು ಇಂಗ್ಲಿಷರ ಸೂಪು ಕುಡೀತಿದಾನೆ ಕಣಮ್ಮ. ಉಪ್ಪಿಲ್ಲ ಅಂತ ದಿನಾ ಅಡುಗೆಯವನ ಹತ್ರ ಜಗಳ" ಎಂದ. ಉಪ್ಪಿನ ಜಗಳ ಕೇಳಿದ ಮೇಲೆ ಅದು ನೀನೇ ಎಂದು ಖಾತ್ರಿಯಾಯಿತು. ಅವನು ಹೋದ ಮೇಲೆ ನೀರಿನ ತೊಟ್ಟಿಯ ಮುಚ್ಚಳದ ಮೇಲೆ ಕೂತು ಬೇಕಾದಷ್ಟು ಅತ್ತೆ.

ಜರ್ಮನರು ಇಳಿದ ವಾರ, ನಮ್ಮ ಸ್ಪಂಜಿನ ಕೊಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ ಇಬ್ಬರು ಇಂಗ್ಲಿಷ್ ಸೈನಿಕರ ಜೊತೆ ನೀನೂ ದೋಣಿ ಹತ್ತಬೇಕಾಗಿ ಬಂದದ್ದು ನನಗೆ ಅರ್ಥವಾಗುತ್ತದೆ. ಹೊರಡುವ ಗಳಿಗೆಯಲ್ಲಿ ನನ್ನ ಗಂಡನಿಗೆ ನೀನು ಅಂದದ್ದು ಮಾತ್ರ ಈ ಮನೆಯಿಂದ ಇನ್ನೂ ಹೊರಗೆ ಹೋಗಿಲ್ಲ. "ಇಷ್ಟು ವರ್ಷ ನಮ್ಮನ್ನಾಳಿದ ಇಟಲಿಯವರ ಪಂಪು ತಿರುಗಿಸಿದ್ದಾಯ್ತು, ಇನ್ನು ಜರ್ಮನರದ್ದು ತಿರುಗಿಸು. ಬಾವುಟ ಯಾರದಾದ್ರೇನು, ನಿನಗೆ ಅದರ ಕೆಳಗಿನ ನೆರಳು ಸಾಕಲ್ವಾ?" ನಿನ್ನ ಊರುಗೋಲು ಬಾಗಿಲ ಹಿಂದೆಯೇ ಉಳಿದದ್ದನ್ನು ನೋಡಿ, ಆ ಮಾತು ಕೇಳಿಸಿಕೊಂಡ ನೊಮಿಕೋಸನೇ ದಡದವರೆಗೆ ಓಡಿದ. ಸೊಂಟದುದ್ದ ನೀರಿಗಿಳಿದು ಅದನ್ನು ದೋಣಿಗೆ ಎಸೆದು ಬಂದ. ನಿನಗೆ ಅದು ಗೊತ್ತಾಯಿತೋ ಇಲ್ಲವೋ. ಬಂದರಿನ ಆ ಪಂಪಿನ ಕೆಲಸ ಬಿಟ್ಟರೆ ನಮಗೆ ಬಾರ್ಲಿಯ ರೊಟ್ಟಿಯೂ ಇಲ್ಲ, ಅಪ್ಪಾ.

ಕಿಟಕಿಯ ಗಾಜುಗಳಿಗೆಲ್ಲ ನೀಲಿ ಬಳಿಯಬೇಕೆಂದು ಆಜ್ಞೆಯಾಗಿದೆ. ವಿಮಾನಗಳಿಗೆ ದೀಪ ಕಾಣಬಾರದಂತೆ. ಹಗಲಲ್ಲಿ ಒಳಗೆ ಕೂತರೆ ಮೇಜು, ಹಾಸಿಗೆ, ನನ್ನ ಕೈ ಎಲ್ಲವೂ ನೀರಿನಡಿಯಲ್ಲಿರುವಂತೆ ಕಾಣುತ್ತವೆ. ಕಡಲ ತಳದಲ್ಲಿ ಸ್ಪಂಜು ಕೀಳುತ್ತ ನೀನು ಮೂವತ್ತು ವರ್ಷ ದುಡಿದ ಜಾಗ ಹೀಗಿತ್ತೇನೋ ಅಂದುಕೊಳ್ಳುತ್ತೇನೆ.

ಒಂದು ಸಾಲಾದರೂ ಬರೆ. ಅವನಿಗಾಗಿ ಬೇಡ, ನನಗಾಗಿ.

ನಿನ್ನ
ಸೆವಾಸ್ತಿ

*

ನುಸೈರಾತ್ ಶಿಬಿರ, ಗಾಜಾ,
26 ಮಾರ್ಚ್ 1944

ಮಗಳೇ ಸೆವಾಸ್ತಿ,

ನಿನ್ನ ಕಾಗದ ಯಾರದೋ ಅಂಗಿಯ ಒಳಹೊಲಿಗೆಯಲ್ಲಿ ಪ್ರಯಾಣ ಮಾಡಿ, ಬೆವರಿನ ವಾಸನೆ ಹೊತ್ತು, ಆರು ವಾರದ ಮೇಲೆ ನನ್ನ ಕೈಸೇರಿತು. ಅಕ್ಷರ ಅಲ್ಲಲ್ಲಿ ಕಲಸಿಹೋಗಿತ್ತು. ಓದಲಾಗದ ಕಡೆ ನಿನ್ನ ದನಿಯನ್ನೇ ತುಂಬಿಕೊಂಡೆ.

ಇಲ್ಲಿ ಗುಡಾರ, ಗುಡಾರದ ಪಕ್ಕ ಗುಡಾರ. ನಮ್ಮ ದ್ವೀಪಗಳ ಜನ ಸಾವಿರಾರು ಇದ್ದಾರೆ. ಒಂದು ಗುಡಾರದಲ್ಲಿ ಚರ್ಚು, ಒಂದರಲ್ಲಿ ಶಾಲೆ, ಇನ್ನೊಂದರಲ್ಲಿ ಕಾಫಿ ಇಲ್ಲದ ಕಾಫಿ ಅಂಗಡಿ. ಮಧ್ಯಾಹ್ನ ಗಾಳಿ ಬೀಸಿದರೆ ಎಲ್ಲ ಗುಡಾರಗಳೂ ಒಟ್ಟಿಗೆ ಉಸಿರೆಳೆದು ಒಟ್ಟಿಗೆ ಬಿಡುತ್ತವೆ. ಆಗ ಕಣ್ಣು ಮುಚ್ಚುತ್ತೇನೆ. ಸೀಸದ ಬೂಟು ತೊಟ್ಟು ಕಡಲ ತಳದಲ್ಲಿ ನಡೆದಂತೆ, ಗುಡಾರಗಳೆಲ್ಲ ನೀರಲ್ಲಿ ಓಲಾಡುವ ಸ್ಪಂಜುಗಳಾದಂತೆ ಕನಸು. ಆ ಕನಸಲ್ಲಿ ನನ್ನ ಎಡಗಾಲು ಸರಿಯಾಗೇ ಇರುತ್ತದೆ. ನೀರಿನಾಳದ ಕಾಯಿಲೆ ಅದನ್ನು ಮರದ ತುಂಡು ಮಾಡಿದ್ದು ಎಚ್ಚರವಾದ ಮೇಲೆಯೇ ನೆನಪಾಗುವುದು.

ನನಗೊಂದು ಕೆಲಸ ಸಿಕ್ಕಿದೆ. ಏನೆಂದು ಬರೆಯಲಾರೆ. ನೀರು ಗೊತ್ತಿಲ್ಲದವರಿಗೆ ನೀರಿನ ನಡತೆ ಕಲಿಸುವ ಕೆಲಸ ಎಂದುಕೋ. ಆರು ಜನ ಇಂಗ್ಲಿಷರು. ಅವರಲ್ಲೊಬ್ಬನ ಹೆಸರು ನನ್ನ ನಾಲಿಗೆಗೆ ಹೊರಳದ್ದರಿಂದ ಸ್ತಾವ್ರೋ ಎಂದು ಕರೆಯುತ್ತೇನೆ, ಅವನೂ ಓಗೊಡುತ್ತಾನೆ. ಅವನ ಊರಿನಲ್ಲಿ ಮನೆಮನೆಗೆ ಹಾಲು ಹಾಕುತ್ತಿದ್ದನಂತೆ. ಮಲಗಿದವರನ್ನು ಎಬ್ಬಿಸದೆ ಬಾಗಿಲಿಗೆ ಹೋಗಿ ಬರುವುದು ಚೆನ್ನಾಗಿ ಗೊತ್ತು. "ತಾತ, ನೀರಿಗೆ ಹುಟ್ಟು ಹೇಗೆ ಹಾಕಬೇಕು?" ಎಂದು ದುಭಾಷಿಯ ಮೂಲಕ ಕೇಳಿದ. "ಮಲಗಿದ ಹೆಂಡತಿಯ ಮೇಲಿಂದ ಕೈ ತೆಗೆಯೋ ಹಾಗೆ" ಎಂದೆ. ಅವನಿಗೆ ಮದುವೆಯಾಗಿಲ್ಲ. ಕಿವಿಯವರೆಗೂ ಕೆಂಪಾದ.

ಊರುಗೋಲಿನ ವಿಷಯ ಗೊತ್ತಿರಲಿಲ್ಲ. ನಿನ್ನ ಗಂಡ ಒಳ್ಳೆಯ ಓಟಗಾರನೇ. ಯಾವ ದಿಕ್ಕಿಗೆ ಓಡುತ್ತಾನೆ ಎಂಬುದೇ ನನ್ನ ತಕರಾರು.

ನಿನ್ನ ಅಪ್ಪ
ಥೆಮೆಲಿಸ್

*

ವಾಥಿ ಕೊಲ್ಲಿ,
28 ಮೇ 1944

ಅಪ್ಪಾ,

ತಕರಾರಿಗೆ ಉತ್ತರ ಕೊಡುವುದಿಲ್ಲ. ನಿನ್ನ ಕಾಗದವನ್ನು ನೊಮಿಕೋಸ್‌ಗೆ ಓದಿ ಹೇಳಿದೆ, ಆ ಕೊನೆಯ ಸಾಲನ್ನು ಬಿಟ್ಟು. "ಇನ್ನೊಂದು ಸಾಲಿರಬೇಕಲ್ಲ, ಅದನ್ನೂ ಓದು" ಎಂದ. ಓದಿದೆ. ನಕ್ಕ. ಅಷ್ಟೇ.

ಬೇಸಿಗೆ ಬಂದಿದೆ, ಅಂಜೂರ ಇನ್ನೂ ಹಸಿರು. ಗುಡ್ಡದ ಮೇಲಿನ ಸೊಪ್ಪನ್ನೆಲ್ಲ ಹೆಂಗಸರು ಕಿತ್ತು ಬೇಯಿಸಿ ಮುಗಿಸಿದ್ದೇವೆ. ಹಸಿವಾದಾಗ ಕಡಲು ಬಹಳ ಚೆಂದ ಕಾಣುತ್ತದೆ, ಅದೇಕೋ. ಮೊನ್ನೆ ಮಧ್ಯಾಹ್ನ ಮಾಳಿಗೆಯ ಮೇಲೆ ಕೆಂಪು ಕಂಬಳಿ ಒಣಹಾಕುತ್ತಿದ್ದೆ. ಕೊಲ್ಲಿ ಎಷ್ಟು ಶಾಂತವಾಗಿತ್ತೆಂದರೆ ಜರ್ಮನರ ಹಡಗುಗಳು ನೀರಿನಲ್ಲಿಲ್ಲ, ಯಾರೋ ಅವನ್ನು ಬಿಸಿಲಿನಲ್ಲಿ ತೂಗುಹಾಕಿದ್ದಾರೆ ಎನ್ನಿಸಿತು.

ದೊಡ್ಡ ಹಡಗೊಂದನ್ನು ನಮ್ಮ ಕಡೆಯ ಕಟ್ಟೆಗೆ ಕಟ್ಟಿದ್ದಾರೆ. ಅದರ ತಳ ಸೋರುತ್ತದೆ. ಹಗಲೂ ರಾತ್ರಿ ಪಂಪು ಓಡದಿದ್ದರೆ ಮುಳುಗೀತು. ನೊಮಿಕೋಸ್‌ನನ್ನೂ ಕೆಳಕೇರಿಯ ಸ್ತೆಫಾನೋಸ್‌ನನ್ನೂ ಅದಕ್ಕೆ ಹಾಕಿದ್ದಾರೆ. ಒಂದು ರಾತ್ರಿ ಇವನು, ಒಂದು ರಾತ್ರಿ ಅವನು. ಭಾನುವಾರ, ಮಂಗಳವಾರ, ಗುರುವಾರ ಇವನ ಪಾಳಿ. ಪಂಪಿನ ಸದ್ದು ಇಲ್ಲಿಗೆ ಕೇಳುತ್ತದೆ. ಅವನ ಪಾಳಿಯ ರಾತ್ರಿ ಅದನ್ನು ಕೇಳುತ್ತಲೇ ನಿದ್ದೆ ಹೋಗುತ್ತೇನೆ. ಪಕ್ಕದಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದಾನೆ ಎಂದೇ ಅನ್ನಿಸುತ್ತದೆ.

ನೀನು ಕಲಿಸುವ ಪಾಠ ಏನೆಂದು ಕೇಳುವುದಿಲ್ಲ. ಹುಷಾರು.

ಸೆವಾಸ್ತಿ

*

17 ಜೂನ್ 1944

ಸೆವಾಸ್ತಿ,

ನಾನೀಗ ಗಾಜಾದಲ್ಲಿಲ್ಲ, ನಿನಗೆ ಹತ್ತಿರದಲ್ಲೇ ಇದ್ದೇನೆ. ನಿನ್ನ ಮೇ ತಿಂಗಳ ಕಾಗದ ಈ ಗಳಿಗೆಯಲ್ಲಿ ಕೈಗೆ ಬಂತು. ಹೆಚ್ಚು ಬರೆಯಲು ಹೊತ್ತಿಲ್ಲ.

ಮಂಗಳವಾರ ನಿನ್ನ ಗಂಡನಿಗೆ ಜ್ವರ ಬರಲಿ. ಬರದಿದ್ದರೆ ಬರಿಸು. ಆ ರಾತ್ರಿ ಅವನು ಮನೆಯಲ್ಲೇ ಮಲಗಲಿ.

ಇದನ್ನು ಓದಿದ ಕೂಡಲೇ ಒಲೆಗೆ ಹಾಕು. ನಾನು ಇದನ್ನು ಬರೆದದ್ದು ಇಲ್ಲಿ ಯಾರಿಗೂ ತಿಳಿಯದು. ತಿಳಿದರೆ ನನ್ನನ್ನು ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯುವ ಹಕ್ಕು ಈ ಇಂಗ್ಲಿಷರಿಗಿದೆ.

ಅಪ್ಪ

*

ಬೊದ್ರುಮ್ ಬಳಿಯ ತೀರ,
29 ಜೂನ್ 1944

ನನ್ನ ಕೂಸೇ,

ಎಲ್ಲರೂ ಬಂದರು! ಆರಕ್ಕೆ ಆರೂ ಜನ. ಈ ತೀರದ ಪೈನ್ ಮರಗಳ ಕೆಳಗೆ ಎರಡು ದಿನ ಸತ್ತವರಂತೆ ನಿದ್ದೆ ಮಾಡಿದರು. ನಾನು ನೊಣ ಓಡಿಸುತ್ತ ಕೂತಿದ್ದೆ. ಕೊಲ್ಲಿಯಲ್ಲಿ ಆದದ್ದು ಈಗ ಕಾಗೆ ಗುಬ್ಬಿಗಳಿಗೂ ಗೊತ್ತು. ಆದ್ದರಿಂದ ನಿನಗೂ ಬರೆಯುತ್ತೇನೆ.

ಮೂರು ದೋಣಿ. ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳಬಹುದಾದ ಕ್ಯಾನ್ವಾಸಿನ ದೋಣಿ, ನಮ್ಮವರು ಅದರಲ್ಲಿ ಬೆಕ್ಕನ್ನೂ ಕೂರಿಸುವುದಿಲ್ಲ. ಮರಳ ಮೇಲೆ ನಾನು ಗೆರೆ ಎಳೆದು ಹೇಳಿಕೊಟ್ಟಿದ್ದೆ: ಕೊಲ್ಲಿಯ ಬಾಯಿಗೆ ಕಟ್ಟಿದ ಸರಪಳಿಬಲೆ ದಕ್ಷಿಣದ ಬಂಡೆಯ ಹತ್ತಿರ ಒಂದು ಮೊಳ ತಗ್ಗಿರುತ್ತದೆ; ಅಲ್ಲಿಂದ ಬಂಡೆಯ ಕಪ್ಪು ನೆರಳನ್ನು ಹಿಡಿದೇ ಹೋಗಬೇಕು.

ಸೋಮವಾರ ರಾತ್ರಿಯೇ ಹೊರಟು, ಮಂಗಳವಾರ ಹಗಲೆಲ್ಲ ಎದುರಿನ ನಡುಗಡ್ಡೆಯ ಕುರುಚಲಿನಲ್ಲಿ ದೋಣಿ ಮುಚ್ಚಿಟ್ಟು ಮಲಗಿದ್ದರು. ಆ ಹಗಲಿನ ಬಗ್ಗೆ ಸ್ತಾವ್ರೋ ಹೇಳಿದಷ್ಟು ರಾತ್ರಿಯ ಬಗ್ಗೆ ಹೇಳಲಿಲ್ಲ. ಜೀರುಂಡೆಗಳ ಸದ್ದು, ಕಾದ ಕಲ್ಲಿನ ವಾಸನೆ, ಮೇಕೆಯೊಂದು ಬಂದು ಅವನ ಕಪ್ಪು ಬಳಿದ ಮುಖವನ್ನು ಮೂಸಿ ಹೋದದ್ದು. ದುರ್ಬೀನಿನಲ್ಲಿ ಊರು ನೋಡಿದನಂತೆ. "ತಾತ, ನೀಲಿ ಕಿಟಕಿಯ ಮನೆಯೊಂದರ ಮಾಳಿಗೆ ಮೇಲೆ ಒಬ್ಬಳು ಕೂತಿದ್ಲು. ಏನೂ ಮಾಡ್ತಿರಲಿಲ್ಲ. ಸಂಜೆವರೆಗೂ ನಮ್ಮ ಕಡೆನೇ ನೋಡ್ತಾ ಕೂತಿದ್ಲು. ಸಿಕ್ಕಿಬಿದ್ವಿ ಅಂದ್ಕೊಂಡೆ" ಎಂದ. ನೀನೇ ತಾನೇ?

ರಾತ್ರಿ ಚಂದ್ರನಿರಲಿಲ್ಲ. ಹುಟ್ಟು ಹಾಕಿದಲ್ಲೆಲ್ಲ ನೀರು ಹಸಿರು ಬೆಳಕಾಗಿ ಮಿನುಗುತ್ತಿತ್ತಂತೆ, ನಕ್ಷತ್ರಗಳ ಮೇಲೆ ತೇಲಿದ ಹಾಗೆ. ದೊಡ್ಡ ಹಡಗಿನ ಪಕ್ಕೆಗೆ ದೋಣಿ ತಾಗಿಸಿ, ಕೆಲವು ತಾಸಿನ ಮೇಲೆ ಸಿಡಿಯುವ ಅಯಸ್ಕಾಂತದ ಸಿಡಿಗುಂಡುಗಳನ್ನು ಒಂದೊಂದಾಗಿ ನೀರಿನಡಿ ಅಂಟಿಸುತ್ತಿದ್ದಾರೆ. ಎರಡನೆಯದು ಅಂಟುವಾಗ ಟಣ್ ಎಂದಿತು. ತಲೆಯೆತ್ತಿದರೆ ಹಡಗಿನ ಅಂಚಿನ ಕಟಕಟೆಯ ಮೇಲಿಂದ ಒಬ್ಬ ಬಾಗಿ ನೋಡುತ್ತಿದ್ದಾನೆ! ಕುತ್ತಿಗೆಗೆ ಟವೆಲು, ಮೈಮೇಲೆ ಬನಿಯನ್ನು. ಗಾಳಿಗೆ ಬಂದ ಕೆಲಸದವನಿರಬೇಕು. ಎರಡಾಳಿನ ದೂರ. ಸ್ತಾವ್ರೋ ಉಸಿರು ಬಿಗಿಹಿಡಿದ. ಆ ಮನುಷ್ಯನೂ ಬಿಗಿಹಿಡಿದ. ಅಷ್ಟರಲ್ಲಿ ಕಾವಲಿನ ಜರ್ಮನನ ಬೂಟು ಅತ್ತಲೇ ಬಂತು. ಟವೆಲಿನವನು ನಿಧಾನಕ್ಕೆ ದೋಣಿಗೆ ಬೆನ್ನು ತಿರುಗಿಸಿ ಕಾವಲಿನವನಿಗೇನೋ ಹೇಳಿದ, ಇಬ್ಬರೂ ನಕ್ಕರು, ಇವನು ಅವನ ತೋಳು ಹಿಡಿದುಕೊಂಡು ಇನ್ನೊಂದು ಪಕ್ಕಕ್ಕೆ ಕರೆದುಕೊಂಡು ಹೋಗಿ ಗುಡ್ಡದ ಕಡೆ ಏನನ್ನೋ ತೋರಿಸತೊಡಗಿದ.

ಅದು ಸ್ತೆಫಾನೋಸ್ ಇರಬೇಕು. ನಿನ್ನ ಗಂಡ ಕಂಬಳಿ ಹೊದ್ದು ಬೆವರುತ್ತಿರುವಾಗ ಅವನ ಜಾಗದಲ್ಲಿ ಒಬ್ಬ ಗಂಡಸು ನಿಂತಿದ್ದ ನೋಡು. ಎದ್ದು ಕೂತ ಮೇಲೆ ಇದನ್ನು ಅವನಿಗೆ ಓದಿ ಹೇಳು, ಈ ಸಾಲನ್ನು ಬಿಡದೆ. ಸ್ತೆಫಾನೋಸ್ ಸ್ಫೋಟಕ್ಕೆ ಮುಂಚೆ ಹೇಗೋ ಇಳಿದಿರುತ್ತಾನೆ, ಅಲ್ಲವೇ? ಅದೊಂದು ಯೋಚನೆ ಆಗಾಗ ಬಂದು ಹೋಗುತ್ತದೆ.

ನಿನ್ನ ಅಪ್ಪ

*

ಬೊದ್ರುಮ್ ಬಳಿಯ ತೀರ,
11 ಸೆಪ್ಟೆಂಬರ್ 1944

ಸೆವಾಸ್ತಿ,

ಎರಡು ಕಾಗದಕ್ಕೆ ಉತ್ತರವಿಲ್ಲ. ಇದು ಮೂರನೆಯದು. ಕಾಗದ ಒಯ್ಯುವ ಫೋತಿಸ್‌ನನ್ನು ಕೇಳಿದರೆ, "ಮಗಳು ಚೆನ್ನಾಗಿದಾಳೆ ಮಾರಾಯ" ಎನ್ನುತ್ತ ಬಲೆಯ ಗಂಟು ಬಿಡಿಸುತ್ತಾನೆ. ಗಂಟೇ ಇಲ್ಲದ ಕಡೆ ಬಿಡಿಸುತ್ತಾನೆ.

ಅಂಜೂರ ಹಣ್ಣಾಯಿತೇ? ಏನಾದರೂ ಬರೆ.

ಅಪ್ಪ

*

ವಾಥಿ ಕೊಲ್ಲಿ,
19 ನವೆಂಬರ್ 1944

ಅಪ್ಪಾ,

ಏನೂ ಹೇಳಬೇಡ ಎಂದು ಫೋತಿಸ್‌ನಿಂದ ಆಣೆ ಹಾಕಿಸಿಕೊಂಡಿದ್ದೆ. ಅವನನ್ನು ಬೈಯಬೇಡ. ನಾನೇ ಬರೆಯಬೇಕಿತ್ತು, ಕೈ ಬರಲಿಲ್ಲ.

ಕಟಕಟೆಯ ಬಳಿ ನಿಂತಿದ್ದವನು ಸ್ತೆಫಾನೋಸ್ ಅಲ್ಲ.

ನಿನ್ನ ಚೀಟಿ ಸೋಮವಾರ ಸಂಜೆ ಬಂತು. ನೊಮಿಕೋಸ್ ಚಪ್ಪಲಿಯ ಬಾರು ಹೊಲಿಯುತ್ತಿದ್ದ. ಓದಿದೆ. "ನಿಮ್ಮಪ್ಪ ನನ್ನ ಆರೋಗ್ಯ ವಿಚಾರಿಸಿದ್ದು ಇದೇ ಮೊದಲು" ಎಂದು ನಕ್ಕ. ಆಮೇಲೆ ಸೂಜಿ ಕೆಳಗಿಟ್ಟ.

"ನಾನು ಮಲಗಿದ್ರೆ ಪಾಳಿ ಯಾರಿಗೆ ಬೀಳತ್ತೆ?"

"ಸ್ತೆಫಾನೋಸ್‌ಗೆ."

"ಅವನಿಗೆ ನಾಲ್ಕು ಮಕ್ಕಳು."

"ಹಾಗಾದ್ರೆ ಅವನಿಗೂ ಹೇಳು. ಅವನಿಗೂ ಜ್ವರ ಬರಲಿ."

"ಇಬ್ಬರಿಗೂ ಒಂದೇ ದಿನ ಬಂದ್ರೆ ಅವರ ಡಾಕ್ಟರು ಬಂದು ನಾಡಿ ಹಿಡೀತಾನೆ. ಆಮೇಲೆ ಇಡೀ ಊರಿಗೇ ಜ್ವರ ಬಿಡಿಸ್ತಾರೆ, ಸೆವಾಸ್ತಿ. ನಿಮ್ಮಪ್ಪನ ಹತ್ರ ಹುಟ್ಟು ಹಾಕೋದು ಕಲಿತ ಆ ಇಂಗ್ಲಿಷರೇ ದೋಣೀಲಿ ಬರ್ತಿರಬೇಕು, ಅವರ ಗತಿ ಏನು?"

ನಾನು ಕಾಲು ಹಿಡಿದೆ. ಕೂಗಾಡಿದೆ. ಬಾಗಿಲಿಗೆ ಅಡ್ಡ ನಿಂತೆ. "ಹೋಗ್ತೀನಿ, ಬೆಳಗಾಗೋದ್ರೊಳಗೆ ನೀರಿಗೆ ಹಾರಿ ಬರ್ತೀನಿ. ನನಗೇನು ಈಜು ಬರಲ್ವಾ?" ಎಂದ. ಮಂಗಳವಾರ ಹಗಲೆಲ್ಲ ಮಾಳಿಗೆಯ ಮೇಲೆ ಕೂತಿದ್ದವಳು ನಾನೇ. ನಡುಗಡ್ಡೆ ನನ್ನ ಕಣ್ಣಿಗೇ ಬೀಳಲಿಲ್ಲ. ನನ್ನ ಪಕ್ಕದಲ್ಲಿ ಅವನು ಮಲಗಿದ್ದ, ರಾತ್ರಿಪಾಳಿಯವರು ಹಗಲು ಮಲಗುವಂತೆ, ತೋಳು ಕಣ್ಣಿಗೆ ಅಡ್ಡ ಇಟ್ಟುಕೊಂಡು. ಅವನ ಮೇಲೆ ನೆರಳು ಬೀಳುವಂತೆ ನಾನು ಜರುಗುತ್ತ ಜರುಗುತ್ತ ಕೂತಿದ್ದೆ.

ರಾತ್ರಿ ಪಂಪಿನ ಸದ್ದು ಕೇಳುತ್ತಿತ್ತು. ಪಂಪು ನಿಂತರೆ ಕಾವಲಿನವನು ಕೆಳಗಿಳಿದು ಬರುತ್ತಾನೆ, ಅದಕ್ಕೇ ಬಿಟ್ಟುಬರಲಿಲ್ಲವೋ. ಗುಂಡು ನೀವು ಎಣಿಸಿದ್ದಕ್ಕಿಂತ ಮುಂಚೆ ಸಿಡಿಯಿತೋ. ನನಗೆ ಯಾರು ಹೇಳಬೇಕು? ಪೂರ್ವ ಬೆಳ್ಳಗಾಗುವ ಹೊತ್ತಿಗೂ ಪಂಪು ಓಡುತ್ತಲೇ ಇತ್ತು. ಆಮೇಲೆ ಕೊಲ್ಲಿ ಒಮ್ಮೆ ಮೇಲೆದ್ದು ಕೂತಿತು. ಕಿಟಕಿಯ ನೀಲಿ ಗಾಜೆಲ್ಲ ಉದುರಿ ಮನೆಯೊಳಗೆ ನಿಜವಾದ ಬೆಳಕು ಬಂತು.

ಮೂರನೆಯ ದಿನ ಅವನು ಸಿಕ್ಕಿದ. ತಮ್ಮವರ ಜೊತೆ ಸತ್ತ ಕೆಲಸಗಾರ ಎಂದು ಜರ್ಮನರು ಗೌರವದಿಂದ ಹೂಳಿದರು, ಆಕಾಶಕ್ಕೆ ಮೂರು ಸಲ ಗುಂಡು ಹಾರಿಸಿದರು. ಊರಿನ ಕಿವಿಯಲ್ಲಿ ಆ ಮೂರು ಗುಂಡು ಇನ್ನೂ ಕೂತಿದೆ. ನಲವತ್ತನೆಯ ದಿನ ಅವನ ಹೆಸರಿನಲ್ಲಿ ಹಂಚಲು ಗೋಧಿ ಬೇಯಿಸಿ ಚರ್ಚಿಗೆ ಒಯ್ದೆ. ಜರ್ಮನರ ಆಳೆಂದು ಒಬ್ಬರೂ ಒಂದು ಹಿಡಿ ತೆಗೆದುಕೊಳ್ಳಲಿಲ್ಲ. ತಟ್ಟೆ ತುಂಬಿದ ಹಾಗೆಯೇ ಮನೆಗೆ ತಂದೆ.

ನೀನು ಒಬ್ಬನನ್ನು ಉಳಿಸಲು ಬರೆದೆ, ಅಪ್ಪಾ. ಖಾಲಿಯಾದ ಜಾಗಕ್ಕೆ ಯಾರು ಬೀಳುತ್ತಾರೆಂದು ನೀನು ಕೇಳಲಿಲ್ಲ. ಅವನು ಕೇಳಿದ.

ಸೆವಾಸ್ತಿ

*

ನುಸೈರಾತ್,
6 ಜನವರಿ 1945

ಮಗಳೇ,

ಮತ್ತೆ ಶಿಬಿರಕ್ಕೇ ಬಂದಿದ್ದೇನೆ. ಹದಿನೈದು ದಿನ ಕಾಗದ ಮುಂದಿಟ್ಟುಕೊಂಡು ಕೂತಿದ್ದೆ. ಬರೆದದ್ದನ್ನೆಲ್ಲ ಹರಿದೆ. ಎಲ್ಲವೂ ನನ್ನ ಸಮರ್ಥನೆಯ ಹಾಗೆ ಕೇಳುತ್ತಿತ್ತು.

ನಾನು ಕೊನೆಯ ಆರು ವರ್ಷ ಮುಳುಗಿದಾಗ ಮೇಲೆ ದೋಣಿಯಲ್ಲಿ ಗಾಳಿಯ ಪಂಪು ತಿರುಗಿಸುತ್ತಿದ್ದವನು ಅವನೇ, ನಿನ್ನನ್ನು ಮದುವೆಯಾಗುವುದಕ್ಕೂ ಮುಂಚೆ. ಹದಿನೆಂಟು ಮಾರು ಆಳದಲ್ಲಿ ಅವನು ಕಳಿಸಿದ ಗಾಳಿ ಕುಡಿದು ಬದುಕಿದ್ದೇನೆ. ನೀರಿನಡಿ ಅವನ ಮೇಲೆ ಒಮ್ಮೆಯೂ ಅನುಮಾನ ಬರಲಿಲ್ಲ. ನೆಲದ ಮೇಲೆ ಕಾಲಿಟ್ಟ ಮೇಲೆ ಎಲ್ಲಿಂದ ಬಂತೋ.

ಕಟಕಟೆಯ ಬಳಿ ಇದ್ದವನು ನಿನ್ನ ಗಂಡನೆಂದು ಸ್ತಾವ್ರೋನಿಗೆ ಹೇಳಿದೆ. ಚೀಟಿಯ ವಿಷಯವನ್ನೂ ಹೇಳಿದೆ. ಹಿಡಿದುಕೊಡುವುದಿದ್ದರೆ ಕೊಡಲಿ ಎಂದು. "ಅವರಿಗೆ ನಾನು ಕಂಡೆ, ತಾತ. ನನ್ನ ಕಣ್ಣನ್ನೇ ನೋಡಿದ್ರು" ಎಂದ. ಎದ್ದುಹೋಗಿ ಗುಡಾರದ ಹಿಂದೆ ನಿಂತ.

ಬಾ ಎಂದರೆ ಬರುತ್ತೇನೆ. ಬೇಡ ಎಂದರೂ ಸರಿ.

ಥೆಮೆಲಿಸ್

*

ವಾಥಿ ಕೊಲ್ಲಿ,
20 ಮೇ 1945

ಅಪ್ಪಾ,

ಜರ್ಮನರು ಹೋದರು. ಚರ್ಚಿನ ಗಂಟೆಗಳು ಎರಡು ದಿನ ಮೊಳಗಿದವು. ಬೀದಿಯಲ್ಲಿ ಕುಣಿಯುವವರು ನಮ್ಮ ಬಾಗಿಲ ಮುಂದೆ ಬಂದಾಗ ಮಾತ್ರ ಹೆಜ್ಜೆ ತಗ್ಗಿಸಿ ದಾಟಿದರು. "ಜರ್ಮನರ ಪಂಪಿನವನ ಹೆಂಡ್ತಿ" ಎಂದು ಯಾರೋ ಅಂದದ್ದು ಕೇಳಿಸಿತು. ಬಾಗಿಲು ಹಾಕಿಕೊಳ್ಳಲಿಲ್ಲ. ಹೊಸ್ತಿಲ ಮೇಲೆ ಕೂತು ಬಟಾಣಿ ಸುಲಿದೆ.

ಚಳಿಗಾಲವೆಲ್ಲ ನಿನ್ನ ಮೇಲೆ ಸಿಟ್ಟಿತ್ತು. ಈಗ ಎಷ್ಟಿದೆಯೆಂದು ಹುಡುಕಿದರೆ ಕೈಗೆ ಸಿಗುವುದಿಲ್ಲ. ಬಾ.

ಜೂನ್ 24ರ ಭಾನುವಾರ ಅವನ ವರ್ಷದ ಸ್ಮರಣೆ. ಆ ದಿನ ನೀನು ಊರಿನವರ ಮುಂದೆ ನಿಂತು ಹೇಳಬೇಕು. ಕಟಕಟೆಯ ಬಳಿ ನಿಂತಿದ್ದವನು ಯಾರು, ಯಾರಿಗೆ ಬೆನ್ನು ತಿರುಗಿಸಿದ, ಆರು ಜನ ಹೇಗೆ ಜೀವಸಹಿತ ಹೋದರು, ಎಲ್ಲ ಹೇಳು. ನಾನು ಹೇಳಿದರೆ ಹೆಂಡತಿಯ ಮಾತು. ನೀನು ಅವನನ್ನು ಅಂದದ್ದು ಊರಿಗೇ ಗೊತ್ತು, ಆದ್ದರಿಂದ ನಿನ್ನನ್ನು ನಂಬುತ್ತಾರೆ.

ಆದರೆ ಚೀಟಿಯದ್ದು ಹೇಳಬೇಡ. ಅವನಿಗೆ ಮೊದಲೇ ಗೊತ್ತಿತ್ತು ಎನ್ನಬೇಡ. ಹೇಳಿದರೆ ಅವನ ಹೆಸರು ಇನ್ನೂ ಎತ್ತರಕ್ಕೆ ಏರೀತು, ನನಗೆ ಗೊತ್ತು. ಸ್ತೆಫಾನೋಸ್ ದಿನವೂ ಬೆಳಿಗ್ಗೆ ಬಂದು ನನಗೆ ತೊಟ್ಟಿಯಿಂದ ನೀರು ಸೇದಿಟ್ಟು ಹೋಗುತ್ತಾನೆ. ಪಾಳಿಯ ಜೊತೆಗಾರನ ಹೆಂಡತಿ ಎಂದು, ಅಷ್ಟೇ. ಕೊನೆಯ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಶಿಳ್ಳೆ ಹಾಕುತ್ತ ಬರುತ್ತಾನೆ. ಯಾರ ಬದಲು ಯಾರು ಹೋದರೆಂದು ತಿಳಿದು ಆ ಶಿಳ್ಳೆ ನಿಲ್ಲುವುದು ನನಗೆ ಬೇಡ. ನೊಮಿಕೋಸ್‌ಗೂ ಬೇಡವಾಗಿತ್ತು.

ನಿನ್ನ
ಸೆವಾಸ್ತಿ

*

ಕಲಿಮ್ನೋಸ್ ಬಂದರು,
21 ಜೂನ್ 1945

ಸೆವಾಸ್ತಿ,

ಇಲ್ಲಿಗೆ ಬಂದು ಮುಟ್ಟಿದ್ದೇನೆ. ದಾರಿಯಲ್ಲಿ ಎದುರುಗಾಳಿ ಎರಡು ದಿನ ಕಟ್ಟಿಹಾಕಿತ್ತು, ನಿನ್ನೆ ತಗ್ಗಿತು. ಮುಂಚೆ ಹೊರಡುವ ಮೀನುದೋಣಿಯವನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ, ನಾನು ಹಿಂದೆಯೇ ಬರುತ್ತೇನೆ. ಗೋಧಿಯನ್ನು ಇಡೀ ಊರಿಗೆ ಆಗುವಷ್ಟು ನೆನೆಹಾಕು. ಒಬ್ಬೊಬ್ಬರ ಅಂಗೈಗೂ ನಾನೇ ಹಾಕುತ್ತೇನೆ, ಯಾರು ಕೈ ಹಿಂದೆಳೆದುಕೊಳ್ಳುತ್ತಾರೆ ನೋಡೋಣ.

ನೀನು ಬೇಡವೆಂದದ್ದನ್ನು ಹೇಳುವುದಿಲ್ಲ. ಅದು ನನ್ನ ಜೊತೆ ಮಣ್ಣಿಗೆ ಹೋಗುತ್ತದೆ. ನನ್ನ ಒರಟು ನಾಲಿಗೆಯನ್ನು ನಂಬುವುದು ಹೇಗೆಂದು ನಿನಗೆ ಭಯವಿರಬಹುದು. ನನಗೂ ಇತ್ತು. ಆದ್ದರಿಂದ ನಿನ್ನೆ ಸಂಜೆ ದೋಣಿಯಲ್ಲಿ ಒಮ್ಮೆ ಹೇಳಿ ನೋಡಿದೆ. ಕಡಲು ಎಣ್ಣೆ ಹಾಕಿದ ಹಾಗಿತ್ತು. ಬೆಟ್ಟಗಳೆಲ್ಲ ನೇರಳೆಯಾಗಿ ನೀರಿನ ಮೇಲೆ ಒಂದು ಗೇಣು ಎತ್ತರಕ್ಕೆ ತೇಲುತ್ತಿದ್ದವು. ಚುಕ್ಕಾಣಿ ಹಿಡಿದಿದ್ದವನು ಕೋಸ್ ದ್ವೀಪದವನು, ನಮ್ಮ ಪರಿಚಯವೇ ಇಲ್ಲ. ಅವನ ಮುಂದೆ ಕೂತು ಎಲ್ಲ ಹೇಳಿದೆ: ಹಡಗು, ಸೋರುವ ತಳ, ಟಣ್ ಎಂದ ಸದ್ದು, ಬನಿಯನ್ನು ತೊಟ್ಟು ಬಾಗಿ ನೋಡಿದವನು, ಅವನು ಬೆನ್ನು ತಿರುಗಿಸಿದ್ದು, ಬೆಳಗಿನವರೆಗೂ ಪಂಪು ನಿಲ್ಲಿಸದೆ ಇದ್ದದ್ದು. ಅಷ್ಟಕ್ಕೇ ನಿಲ್ಲಿಸಿದೆ, ಒಂದು ಮಾತೂ ಹೆಚ್ಚಾಗಲಿಲ್ಲ.

ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಅವರು ನಿಮಗೇನಾಗಬೇಕು, ತಾತ?" ಎಂದು ಕೇಳಿದ.

"ಮಗ" ಎಂದೆ.

ನಿನ್ನ ಅಪ್ಪ
ಥೆಮೆಲಿಸ್